ನಂದಿ ಹಾಲ್ಟ್‌ನಿಂದ ಮಾರಿಕುಪ್ಪಂವರೆಗೆ

ಗುರುವಾರ

ನಂದಿ ಬೆಟ್ಟಕ್ಕೆ ಬೆಳಗಾಗುವ ಮೊದಲೇ ಕಾರುಗಳ ಸಾಲು ಹತ್ತುತ್ತದೆ. ಬೆಟ್ಟದ ಬುಡದಲ್ಲಿರುವ ನಂದಿ ಹಾಲ್ಟ್ ನಿಲ್ದಾಣವನ್ನು ನೋಡಲೆಂದೇ ಇಳಿಯುವವರು ಕಡಿಮೆ. ನಮ್ಮ ತಿರುಗಾಟ ಅಲ್ಲಿಂದಲೇ ಶುರುವಾಗಲಿ ಎಂದು ಹಟ ಹಿಡಿದವನು ನಾನು. ಅಕ್ಕನ ಮಗಳು ವಾಸ್ತುಶಿಲ್ಪ ಓದುತ್ತಿದ್ದಾಳೆ. ಹಳೆಯ ಕಟ್ಟಡವೊಂದನ್ನು ಆರಿಸಿಕೊಂಡು, ಗೋಡೆ ಬಾಗಿಲು ಕಿಟಕಿ ಎಲ್ಲವನ್ನೂ ಅಳೆದು ನಕ್ಷೆ ಬರೆಯುವುದು ಈ ವರ್ಷ ಅವಳಿಗೆ ಕೊಟ್ಟಿರುವ ಕೆಲಸ. ಜೊತೆಯವರೆಲ್ಲ ಹಂಪಿ, ಹಳೇಬೀಡು ಎಂದು ಹೊರಟಿದ್ದರು. ನಮ್ಮ ಬಯಲುಸೀಮೆಯ ಹಳೆಯ ಸಣ್ಣ ರೈಲಿನ ದಾರಿ ಹಿಡಿದು ಹೋಗೋಣ, ದಾರಿಯಲ್ಲಿ ಯಾವುದು ನಿನ್ನ ಕೈ ಹಿಡಿದು ನಿಲ್ಲಿಸುತ್ತದೋ ಅದನ್ನು ಅಳೆ ಎಂದು ನಾನು ಹೇಳಿದೆ. ಅವಳು ಒಪ್ಪಿದಳು.

ಈ ದಾರಿಗೆ ನೂರು ವರ್ಷ ಮೀರಿದ ಚರಿತ್ರೆಯಿದೆ. ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಕೋಲಾರಕ್ಕೆ 1913ರಲ್ಲಿ ಎರಡೂವರೆ ಅಡಿ ಅಗಲದ ಹಳಿ ಹಾಕಿದರು. ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ 1915ರಲ್ಲಿ ಅದೇ ಅಗಲದ ಇನ್ನೊಂದು ಹಳಿ ಬಂತು. ಆಮೇಲೆ ಎರಡೂ ಕೂಡಿಕೊಂಡವು. ರೇಷ್ಮೆಗೂಡು, ಕಡಲೆಕಾಯಿ, ಹುಣಸೆಹಣ್ಣು, ಸಂತೆಗೆ ಹೊರಟ ಜನ, ಎಲ್ಲ ಇದರಲ್ಲೇ ಹೋಗಿ ಬಂದದ್ದು. ಈಗ ಆ ಹಳಿ ಇಲ್ಲ. ಅದರ ಜಾಗದಲ್ಲಿ ದೊಡ್ಡ ಹಳಿ ಬಂದಿದೆ. ಚಿಕ್ಕಬಳ್ಳಾಪುರದಿಂದ ಕೋಲಾರದವರೆಗೆ ಅದರ ಮೇಲೆ ರೈಲು ಓಡಿದ್ದು 2013ರಲ್ಲಿ.

ಆದರೆ ನಂದಿ ಹಾಲ್ಟ್ ಉಳಿದುಕೊಂಡಿದೆ. ಪಾರಂಪರಿಕ ಕಟ್ಟಡಗಳಿಗಾಗಿ ದುಡಿಯುವ ಇಂಟ್ಯಾಕ್ ಸಂಸ್ಥೆಯವರು ಈ ಸಾಲಿನ ಹಳೆಯ ನಿಲ್ದಾಣಗಳನ್ನು ಕೈಗೆತ್ತಿಕೊಂಡಾಗ ಇದರ ಪಾಳಿಯೂ ಬಂತು. ಹುಡುಗಿ ಗೋಡೆಯ ಹತ್ತಿರ ಹೋಗಿ ಅಂಗೈ ಒತ್ತಿ ನಿಂತಳು. “ಸುಣ್ಣದ ಗಾರೆ ಮಾವ, ಸಿಮೆಂಟ್ ಅಲ್ಲ” ಎಂದಳು, ಅವಳ ಮುಖದಲ್ಲಿ ನಿಜವಾದ ಸಂತೋಷವಿತ್ತು. ಹಳೆಯ ಗೋಡೆಗಳು ತೇವ ಹೀರುತ್ತವೆ, ಬಿಸಿಲಿಗೆ ಅದನ್ನು ಹೊರಗೆ ಬಿಡುತ್ತವೆ. ಸುಣ್ಣಕ್ಕೆ ಅದು ಗೊತ್ತು, ಸಿಮೆಂಟಿಗೆ ಗೊತ್ತಿಲ್ಲ. ದುರಸ್ತಿಯ ಹೆಸರಿನಲ್ಲಿ ಸಿಮೆಂಟ್ ಬಳಿದರೆ ತೇವ ಒಳಗೇ ಉಳಿದು, ಹೊರಗೆ ಹೊಸದರಂತೆ ಕಾಣುವ ಗೋಡೆ ಒಳಗೆ ಪುಡಿಯಾಗುತ್ತದೆ. ನಮ್ಮ ಎಷ್ಟೋ ಹಳ್ಳಿ ದೇವಸ್ಥಾನಗಳನ್ನು ಹಾಳುಮಾಡಿದ್ದು ಹೊರಗಿನ ಶತ್ರುವಲ್ಲ, ಭಕ್ತಿಯಿಂದ ಬಳಿದ ಸಿಮೆಂಟ್ ಮತ್ತು ಎಣ್ಣೆ ಬಣ್ಣ. ಹಿಂದಿನವರು ಸುಣ್ಣ ಅರೆಯುವಾಗ ಬೆಲ್ಲದ ನೀರು, ಅಳಲೆಕಾಯಿಯ ನೀರು ಬೆರೆಸುತ್ತಿದ್ದರು. ಆ ಹದ ಬಲ್ಲ ಗಾರೆ ಕೆಲಸದವರು ಈಗ ಕೈಬೆರಳೆಣಿಕೆಯಷ್ಟು. ಕಟ್ಟಡಕ್ಕಿಂತ ಮೊದಲು ಕಳೆದುಹೋಗುವುದು ಅದನ್ನು ಕಟ್ಟಬಲ್ಲ ಕೈ.

ಅಲ್ಲಿಂದ ಚಿಕ್ಕಬಳ್ಳಾಪುರಕ್ಕೆ ಬಂದು, ಊಟ ಮುಗಿಸಿ ಕೋಲಾರದ ಕಡೆಯ ಡೆಮು ರೈಲು ಹತ್ತಿದೆವು. ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ. ಹಿಪ್ಪುನೇರಳೆ ತೋಟ ಮುಗಿದು ಮಾವಿನ ತೋಪು ಶುರುವಾಗುವುದನ್ನು ನೋಡುತ್ತಾ ಕುಳಿತಿದ್ದೆ. ಒಂದೆರಡು ಕಡೆ ಹೊಸ ನಿಲ್ದಾಣದ ಹಿಂದೆ, ಸೂರಿಲ್ಲದ ಸಣ್ಣ ಗೋಡೆಗಳು ಬೇಲಿಗಿಡಗಳ ನಡುವೆ ಕಂಡವು.

ಶುಕ್ರವಾರ

ಕೋಲಾರದಲ್ಲಿ ಬೆಳಿಗ್ಗೆ ಮೊದಲು ಹೋದದ್ದು ಕೋಲಾರಮ್ಮನ ಗುಡಿಗೆ. ಗಂಗರು ತಮ್ಮನ್ನು ಕುವಳಾಲಪುರದ ಒಡೆಯರೆಂದು ಕರೆದುಕೊಂಡ ಊರು ಇದೇ. ಊರಿನ ಆ ಮೊದಲ ಗತ್ತಿನ ಕಟ್ಟಡಗಳು ನೆಲದ ಮೇಲೆ ಉಳಿದಿಲ್ಲ. ಇರುವ ಹಳೆಯದರಲ್ಲಿ ಕೋಲಾರಮ್ಮನದೇ ಹಿರಿಮೆ. ದಪ್ಪ ಕಲ್ಲಿನ ಗೋಡೆ, ಅದರ ತುಂಬ ತಮಿಳು ಶಾಸನ, ಎಲ್ ಆಕಾರದಲ್ಲಿ ತಿರುಗುವ ವಿನ್ಯಾಸ, ಸಪ್ತಮಾತೃಕೆಯರು, ಕಾಣಿಕೆ ಕೇಳುವ ಚೇಳಮ್ಮ. ಇಟ್ಟಿಗೆಯ ಭಾಗಗಳನ್ನು ತೆಗೆದು ಕಲ್ಲಿನಲ್ಲಿ ಮತ್ತೆ ಕಟ್ಟಿಸಿದ ಸಂಗತಿ ರಾಜೇಂದ್ರ ಚೋಳನ ಕಾಲದ ಶಾಸನದಲ್ಲಿದೆ. ಅಂದರೆ ನಾವಿಂದು ಮುಟ್ಟಿ ನಮಸ್ಕರಿಸುವ ಕಲ್ಲು, ಅದಕ್ಕೂ ಹಿಂದಿನ ಒಂದು ಗುಡಿಯನ್ನು ಅಳಿಸಿ ಬಂದದ್ದು.

ಇದನ್ನು ಹೇಳಿದಾಗ ಅವಳು ಬಿಡಲಿಲ್ಲ. “ಹಾಗಾದರೆ ಬದಲಾವಣೆಗೆ ನೀವು ಯಾಕೆ ಇಷ್ಟು ಸಂಕಟಪಡುತ್ತೀರಿ ಮಾವ? ಚೋಳರು ಮಾಡಿದರೆ ಜೀರ್ಣೋದ್ಧಾರ, ನಾವು ಮಾಡಿದರೆ ನಾಶವೇ?”

ಒಳ್ಳೆಯ ಪ್ರಶ್ನೆ. ನಾನು ಹೇಳಿದ್ದು ಇಷ್ಟು: ಅವರು ಗುಡಿಯನ್ನು ತೆಗೆದು ಗುಡಿಯನ್ನೇ ಕಟ್ಟಿದರು, ಏನು ಮಾಡಿದೆವೆಂದು ಗೋಡೆಯ ಮೇಲೆ ಕೊರೆದು ಇಟ್ಟರು. ಅದನ್ನು ಓದಿ ನೀನು ಇಂದು ನನ್ನ ಜೊತೆ ವಾದ ಮಾಡುತ್ತಿದ್ದೀಯ. ನಾವು ಕೆಡವುವಾಗ ಒಂದು ಫೋಟೊ ತೆಗೆದಿಡುವುದೂ ಇಲ್ಲ.

ಹತ್ತಿರದಲ್ಲೇ ಸೋಮೇಶ್ವರ ದೇವಸ್ಥಾನ. ವಿಜಯನಗರ ಕಾಲದ ಕೆಲಸ. ಕಲ್ಯಾಣ ಮಂಟಪದ ಕಂಬಗಳ ಮುಂದೆ ಅವಳು ಮಾತು ನಿಲ್ಲಿಸಿ ನೋಟ್‌ಬುಕ್ ತೆಗೆದಳು; ನಾನು ನೆರಳಿನಲ್ಲಿ ಕುಳಿತೆ. ಎರಡೂ ದೇವಸ್ಥಾನಗಳು ರಾಷ್ಟ್ರೀಯ ಸಂರಕ್ಷಿತ ಸ್ಮಾರಕಗಳು. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಇಂಥ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಬೇಕು. ಅಕ್ಕಪಕ್ಕದ ಮನೆಯವರಿಗೆ ಇದು ತೊಂದರೆಯೇ. ಆದರೂ ಈ ಗೋಪುರ ಇನ್ನೂ ಆಕಾಶಕ್ಕೆ ಎದುರಾಗಿ ಕಾಣುತ್ತಿದ್ದರೆ ಆ ಅಂತರದಿಂದಲೇ.

ಮಕ್ಬರಾ ಕಡೆ ನಡೆದೆವು. ಹೈದರ್ ಅಲಿಯ ತಂದೆ ಫತೇ ಮಹಮ್ಮದ್ ಮಲಗಿರುವ ಜಾಗ. ಹೈದರ್ ಹುಟ್ಟಿದ್ದು ಇದೇ ಜಿಲ್ಲೆಯ ಬೂದಿಕೋಟೆಯಲ್ಲಿ. 1782ರ ಡಿಸೆಂಬರ್‌ನಲ್ಲಿ ಚಿತ್ತೂರಿನ ಹತ್ತಿರದ ಪಾಳೆಯದಲ್ಲಿ ಅವನು ತೀರಿಕೊಂಡಾಗ ದೇಹವನ್ನು ಮೊದಲು ತಂದಿಟ್ಟದ್ದು ಈ ತಂದೆಯ ಸಮಾಧಿಯ ಬಳಿಗೆ. ಶ್ರೀರಂಗಪಟ್ಟಣಕ್ಕೆ ಒಯ್ದದ್ದು ಆಮೇಲೆ. ದೊಡ್ಡ ಶಿಲ್ಪವೈಭವ ಇಲ್ಲಿಲ್ಲ. ಗುಡಿಸಿದ ಅಂಗಳ, ಬೆಳಕು, ಪ್ರಾರ್ಥನೆಗೆ ಬಂದ ನಾಲ್ಕು ಜನ. ನೋಡಿಕೊಳ್ಳುತ್ತಿದ್ದ ಹಿರಿಯರು ನಮ್ಮನ್ನು ಕೂರಿಸಿ ನೀರು ಕೊಟ್ಟರು. ದಿನಾ ಗುಡಿಸುವವರಿರುವ ಕಟ್ಟಡ ಬೇಗ ಬೀಳುವುದಿಲ್ಲ. ಎಲೆ ತುಂಬಿ ನೀರು ನಿಂತ ತಾರಸಿಯಲ್ಲಿ ಅರಳಿ ಸಸಿ ಬೇರು ಬಿಟ್ಟಾಗಲೇ ಗೋಡೆಗೆ ಕೇಡು ಶುರು.

ಸಂಜೆ ಹಳೇ ಪೇಟೆಯ ಬೀದಿಯಲ್ಲಿ ನಡೆಯುವಾಗ ಒಂದು ಮನೆ ಬಿಚ್ಚುತ್ತಿದ್ದರು. ಕೆಡವುತ್ತಿದ್ದರು ಎನ್ನಲಾರೆ, ಬಿಚ್ಚುತ್ತಿದ್ದರು. ಜಗಲಿಯ ಮೇಲೆ ಎರಡು ಮರದ ಕಂಬ, ಒಳಗೆ ತೊಟ್ಟಿ, ತೊಲೆಗಳ ಮೇಲೆ ಇಟ್ಟಿಗೆ ನಿಲ್ಲಿಸಿ ಗಾರೆ ಹಾಕಿದ ಮದ್ರಾಸ್ ತಾರಸಿ. ಹಳೇ ಮರದ ವ್ಯಾಪಾರಿಯೊಬ್ಬರು ಸೀಮೆಸುಣ್ಣ ಹಿಡಿದು ಬಾಗಿಲ ಚೌಕಟ್ಟಿನ ಒಂದೊಂದು ತುಂಡಿಗೂ ಸಂಖ್ಯೆ ಬರೆಯುತ್ತಿದ್ದರು: ಎಡ ನಿಲುವು 1, ಬಲ ನಿಲುವು 2, ಮೇಲ್ಪಟ್ಟಿ 3, ಹೊಸ್ತಿಲು 4. ಮೇಲ್ಪಟ್ಟಿಯಲ್ಲಿ ಗಜಲಕ್ಷ್ಮಿ. ಅವಳ ಮೂಗು ಸವೆದಿತ್ತು, ಕೆಳಗೆ ಅರಿಶಿನ ಕುಂಕುಮದ ಪದರ ಬೆರಳು ದಪ್ಪಕ್ಕೆ ಕಟ್ಟಿತ್ತು. ಆಳು ಉಳಿಯಿಂದ ಆ ಪದರವನ್ನು ಕೆರೆಯತೊಡಗಿದ. ಅದು ತಗಡಿನ ಚೂರಿನಂತೆ ಒಡೆದು ಬಿತ್ತು, ಒಳಗಿನ ಬಣ್ಣ ಹೊರಗಿನದಕ್ಕಿಂತ ಕಡುವಾಗಿತ್ತು. ಎಷ್ಟು ಶುಕ್ರವಾರಗಳ ಪೂಜೆಯೋ. ಅಂದೂ ಶುಕ್ರವಾರವೇ.

ಬಾಗಿಲು ಬೆಂಗಳೂರಿನ ಹೋಟೆಲಿಗೆ ಎಂದರು ವ್ಯಾಪಾರಿ. ಕಂಬಗಳಿಗೆ ರೆಸಾರ್ಟಿನವರು ಮುಂಗಡ ಕೊಟ್ಟಿದ್ದಾರೆ. ಹೆಂಚು ಕೋಳಿ ಸಾಕುವ ಶೆಡ್ಡಿಗೆ, ಚಪ್ಪಡಿ ಯಾರದೋ ಹೊಲದ ಬದುವಿಗೆ, ಉಳಿದ ಗಾರೆ ಇಟ್ಟಿಗೆ ಹಳ್ಳ ತುಂಬಲು. ಮನೆಯ ಯಜಮಾನರು ಎದುರು ಜಗಲಿಯಲ್ಲಿ ಕುಳಿತಿದ್ದರು. ಅವರನ್ನು ದೂರಲು ನನಗೆ ಬಾಯಿ ಬರಲಿಲ್ಲ. ನಾಲ್ವರು ಅಣ್ಣತಮ್ಮಂದಿರ ಪಾಲಾಗಬೇಕು, ತೊಟ್ಟಿಯನ್ನು ನಾಲ್ಕು ಮಾಡಲಾಗದು, ಜಗಲಿಯ ಮೇಲೆ ರಸ್ತೆ ಅಗಲೀಕರಣದ ಕೆಂಪು ಗುರುತು ಬೇರೆ ಬಿದ್ದಿದೆ. “ಇಟ್ಟುಕೊಳ್ಳಲು ಆಸೆಯಿತ್ತು ಸ್ವಾಮಿ. ಇಟ್ಟುಕೊಂಡವರಿಗೆ ಯಾರು ಏನು ಕೊಡುತ್ತಾರೆ?” ಎಂದರು. ಈ ಮಾತಿಗೆ ನಮ್ಮ ವ್ಯವಸ್ಥೆಯಲ್ಲಿ ಉತ್ತರವಿಲ್ಲ. ಸಾವಿರ ವರ್ಷದ ಗುಡಿಗೆ ಕಾಯ್ದೆ ಇದೆ, ಕಾವಲಿದೆ. ನೂರು ವರ್ಷದ ಮನೆ, ಅಂಗಡಿ, ಛತ್ರ, ನಿಲ್ದಾಣಗಳಿಗೆ ತೆರಿಗೆ ಇದೆ, ನೋಟಿಸ್ ಇದೆ, ಕೈಹಿಡಿಯುವ ಒಂದು ನಿಯಮ ಇಲ್ಲ. ದುರಸ್ತಿಗೆ ಕಡಿಮೆ ಬಡ್ಡಿಯ ಸಾಲ, ಆಸ್ತಿ ತೆರಿಗೆಯಲ್ಲಿ ರಿಯಾಯಿತಿ, ಇಷ್ಟು ಮಾಡಿದ್ದರೂ ಆ ಬೀದಿಯಲ್ಲಿ ನಾಲ್ಕು ಮನೆ ನಿಲ್ಲುತ್ತಿದ್ದವು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಅವಳು ವ್ಯಾಪಾರಿಯನ್ನು ಕೇಳಿ ಚೌಕಟ್ಟಿನ ಅಳತೆ ತೆಗೆದುಕೊಂಡಳು. ದೀಪ ಹಾಕುವ ಹೊತ್ತಿಗೆ ಮುಗಿಯಿತು.

ಶನಿವಾರ

ಬಂಗಾರಪೇಟೆಯಲ್ಲಿ ಇಳಿದು ರೈಲು ಬದಲಿಸಿದೆವು. ನಡುವೆ ಹೊತ್ತಿದ್ದುದರಿಂದ ಇಲ್ಲಿನ ತಿಳಿನೀರಿನ ಪಾನಿಪುರಿ ತಿಂದದ್ದಾಯಿತು. ಅದು ಚೆನ್ನಾಗಿರುತ್ತದೆ, ಅಷ್ಟೇ ಹೇಳಿ ಮುಂದೆ ಹೋಗುತ್ತೇನೆ. ಮಾರಿಕುಪ್ಪಂ ಸಾಲು 1894ರದು, ಕೋಲಾರದ ಚಿನ್ನದ ಗಣಿಗೆಂದೇ, ಅಂದರೆ ಕೆಜಿಎಫ್‌ಗೆಂದೇ ಹಾಕಿದ್ದು. ಕೋರಮಂಡಲ್, ಊರ್ಗಾಂ, ಚಾಂಪಿಯನ್, ಮಾರಿಕುಪ್ಪಂ. ಹೆಸರು ಓದುತ್ತಾ ಹೋದರೆ ಗಣಿಯ ಚರಿತ್ರೆಯನ್ನೇ ಓದಿದಂತೆ. ಬೆಳಗಿನ ರೈಲುಗಳಲ್ಲಿ ಇಲ್ಲಿಂದ ಬೆಂಗಳೂರಿಗೆ ದುಡಿಯಲು ಹೋಗುವ ಜನ ತುಂಬಿರುತ್ತಾರೆ. ಒಂದು ಕಾಲಕ್ಕೆ ದುಡಿಮೆ ಹುಡುಕಿ ಜನ ಬಂದಿಳಿಯುತ್ತಿದ್ದ ನಿಲ್ದಾಣಗಳು ಇವು.

ಗಣಿ ನಡೆಸಿದ ಬ್ರಿಟಿಷ್ ಕಂಪನಿ ಜಾನ್ ಟೇಲರ್ 1880ರಲ್ಲಿ ಇಲ್ಲಿ ಕಾಲಿಟ್ಟಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ 147 ಕಿಲೋಮೀಟರ್ ತಂತಿಯ ಮೇಲೆ ಹರಿದು ಮೊದಲು ಬಂದದ್ದು ಈ ಗಣಿಗೆ. ಬೆಂಗಳೂರಿನ ಬೀದಿದೀಪಕ್ಕೆ 1905ರವರೆಗೆ ಕಾಯಬೇಕಾಯಿತು. ಚಾಂಪಿಯನ್ ರೀಫ್ ಗಣಿ ನೆಲದಡಿ 3 ಕಿಲೋಮೀಟರ್‌ಗೂ ಆಳಕ್ಕೆ ಇಳಿಯಿತು. 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಅತಿ ಸೂಕ್ಷ್ಮ ಕಣಗಳ ಗುರುತು ವಿಜ್ಞಾನಿಗಳಿಗೆ ಸಿಕ್ಕಿದ್ದೂ ಆ ಆಳದ ಕತ್ತಲಲ್ಲಿ. 2001ರ ಫೆಬ್ರುವರಿ 28ರಂದು ಎಲ್ಲ ನಿಂತಿತು.

ಊರಿನೊಳಗೆ ನಡೆದರೆ ಕಟ್ಟಡ ಹೇಗೆ ಇಲ್ಲವಾಗುತ್ತದೆ ಎಂಬುದರ ಎಲ್ಲ ಹಂತಗಳೂ ಒಟ್ಟಿಗೆ ಕಾಣುತ್ತವೆ. ಕ್ಲಬ್ಬಿನ ಕಡೆಯ ಕೆಲವು ಬಂಗಲೆಗಳಲ್ಲಿ ಈಗಲೂ ಜನರಿದ್ದಾರೆ, ಕೈತೋಟ ಇದೆ. ಇನ್ನೊಂದರಲ್ಲಿ ಬೀಗ ಜಡಿದಿದೆ, ಬೀಗಕ್ಕೇ ತುಕ್ಕು. ಮತ್ತೊಂದರ ಕಿಟಕಿ ಬಾಗಿಲು ಹೋಗಿವೆ. ಆಮೇಲೆ ವಿದ್ಯುತ್ ತಂತಿ, ನೀರಿನ ಕೊಳಾಯಿ. ಮಾಡಿನ ತೊಲೆ ತೆಗೆದ ಮೇಲೆ ಎರಡು ಮಳೆಗಾಲ ಸಾಕು. ಇದರಲ್ಲಿ ವಯಸ್ಸಿನ ದೋಷ ಏನೂ ಇಲ್ಲ. ಮೊದಲು ಕೆಲಸ ಹೋಯಿತು, ಆಮೇಲೆ ಬೀಗದ ಕೈ ಇಟ್ಟುಕೊಂಡವರು ಹೋದರು, ಆಮೇಲೆ ಉಳಿದದ್ದೆಲ್ಲ ಗುಜರಿ.

ಗಣಿಯ ಬಾವಿಗಳ ಮೇಲಿನ ಉಕ್ಕಿನ ಗೋಪುರಗಳಲ್ಲಿ ಒಂದನ್ನು ಬೇಲಿಯ ಹೊರಗಿನಿಂದ ನೋಡಿದೆವು. ತುದಿಯಲ್ಲಿ ಗಾಲಿ, ಅದರ ಮೇಲಿನ ಹಗ್ಗದಲ್ಲಿ ಪಂಜರದಂಥ ಲಿಫ್ಟ್ ಇಳಿಯುತ್ತಿತ್ತು. ಒಳಗೆ ಬಿಡಲು ಅನುಮತಿ ಇಲ್ಲ ಎಂದ ಕಾವಲುಗಾರ, ಆದರೆ ದಾರಿ ತೋರಿಸಿದ್ದು ಅವನೇ. ಕೆಜಿಎಫ್ ಸಿನಿಮಾ ಬಂದ ಮೇಲೆ ನೋಡಲು ಬರುವವರು ಹೆಚ್ಚಿದ್ದಾರಂತೆ. ಬಂದವರಿಗೆ ತೋರಿಸಲು ಒಂದು ಗೋಪುರ, ಒಂದು ಯಂತ್ರದ ಮನೆ, ಕಾರ್ಮಿಕರ ಹಾಜರಿ ಪುಸ್ತಕ ಇಟ್ಟ ಒಂದು ಕೋಣೆ ಇಲ್ಲಿ ಆಗಲೇಬೇಕು. 120 ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟ ನೆಲಕ್ಕೆ ಇದು ದೊಡ್ಡ ಕೇಳಿಕೆಯಲ್ಲ.

ಸಂಜೆ ಸೈನೈಡ್ ದಿಬ್ಬಗಳ ಹತ್ತಿರ ನಿಂತಾಗ ನಮಗಿಬ್ಬರಿಗೂ ಸರಿಯಾಗಿಯೇ ವಾದವಾಯಿತು. ಅದಿರನ್ನು ಪುಡಿಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿಕೊಂಡು, ಉಳಿದ ಹಿಟ್ಟಿನಂಥ ಮಣ್ಣನ್ನು ದಶಕಗಳ ಕಾಲ ಸುರಿದು ಬೆಳೆಸಿದ ಗುಡ್ಡಗಳು ಇವು. ಕೆಜಿಎಫ್ ಎಂದರೆ ಕಣ್ಣಿಗೆ ಮೊದಲು ಬರುವ ಗುರುತೇ ಇವು. 13 ದಿಬ್ಬಗಳಲ್ಲಿ ಉಳಿದಿರುವ ಚಿನ್ನವನ್ನು ಮತ್ತೆ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಅಂದರೆ ಈ ಗುಡ್ಡಗಳೂ ಒಂದು ದಿನ ಇರಲಿಕ್ಕಿಲ್ಲ.

“ಒಂದನ್ನಾದರೂ ಉಳಿಸಬೇಕು” ಎಂದಳು. “ಗಣಿಯ ಒಳಗೆ ಏನಾಯಿತು ಎಂಬುದಕ್ಕೆ ಹೊರಗೆ ಇರುವ ಸಾಕ್ಷಿ ಇದೊಂದೇ.”

ನಾನು ಒಪ್ಪಲಿಲ್ಲ. ಗಾಳಿ ಎದ್ದರೆ ಇದರ ದೂಳು ಮನೆಗಳ ಅನ್ನದ ಮೇಲೆ ಕೂರುತ್ತದೆ, ಮಳೆಗೆ ಹೊಲಕ್ಕೆ ಹರಿಯುತ್ತದೆ. ಚೆನ್ನಾಗಿ ಕಾಣುತ್ತದೆ ಎಂದು ವಿಷವನ್ನು ಸ್ಮಾರಕ ಮಾಡಲಾಗದು. ಇದು ಹೋಗಲಿ, ದೂಳೇಳದ ಹಾಗೆ ಹೋಗಲಿ, ಬಂದ ಹಣದಲ್ಲಿ ಒಂದು ಪಾಲು ಈ ಊರಿನ ಕಟ್ಟಡಗಳಿಗೆ, ಜನರ ಮನೆಗಳಿಗೆ ಬರಲಿ. ಅವಳು ಅರ್ಧ ಒಪ್ಪಿದಳು. ಉಳಿದರ್ಧ ಹಾಗೇ ಇದೆ.

ಭಾನುವಾರ

ಚಾಂಪಿಯನ್ ರೀಫ್ಸ್ ಕಡೆಯ ಲೈನ್ ಮನೆಗಳ ನಡುವೆ ನಡೆಯುವಾಗ ಅವಳು ನಿಂತುಬಿಟ್ಟಳು. ಕಾರ್ಮಿಕರಿಗೆಂದು ಕಂಪನಿ ಕಟ್ಟಿದ ಸಾಲುಮನೆಗಳು. ಒಂದೇ ಗೋಡೆಗೆ ಎರಡು ಕುಟುಂಬ, ತಗ್ಗಿದ ಮಾಡು. ಗಣಿ ಮುಚ್ಚಿದ ಮೇಲೂ ಜನ ಇಲ್ಲೇ ಇದ್ದಾರೆ. ಬಂಗಲೆಗಳ ಕಿಟಕಿ ಬಾಗಿಲು ಹೋದವು. ಈ ಸಣ್ಣ ಮನೆಗಳದ್ದು ಹೋಗಿಲ್ಲ.

ಬಾಗಿಲಲ್ಲಿ ಕುಳಿತಿದ್ದ ವೃದ್ಧರು ಒಳಗೆ ಕರೆದರು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಗಣಿಗೆ ಇಳಿದವರು, ತಮಿಳು ಬೆರೆತ ಕನ್ನಡ. ಕೆಳಗೆ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು ಎಂದರು. ಆಳದಲ್ಲಿ ಬಂಡೆ ಸಿಡಿದರೆ ಮೇಲೆ ಮನೆಯ ಪಾತ್ರೆಗಳು ಅದುರುತ್ತಿದ್ದವು. ಗೋಡೆಯಲ್ಲಿ ಓರೆಯಾಗಿ ಹೋದ ಒಂದು ಬಿರುಕು ತೋರಿಸಿ, “ಇದು ಅಂಥದೇ ಒಂದು ರಾತ್ರಿಯದು ಅಮ್ಮ. ಆ ಪಾಳಿಯಲ್ಲಿ ನಾನು ಕೆಳಗಿದ್ದೆ. ಇವಳು ಮಗುವನ್ನು ಎತ್ತಿಕೊಂಡು ಶಾಫ್ಟಿನವರೆಗೆ ಓಡಿ ಬಂದಿದ್ದಳು” ಎಂದರು. ಒಳಗಿನಿಂದ ಅವರ ಮಡದಿ, “ಅದನ್ನೆಲ್ಲ ಯಾಕೆ ಹೇಳುತ್ತೀರಿ, ಮೊದಲು ಕಾಫಿ ಕುಡಿಯಲಿ” ಎಂದರು.

ಅವಳು ಚೀಲದಿಂದ ಟೇಪು ತೆಗೆದು, “ತಾತ, ನಿಮ್ಮ ಮನೆ ಅಳೆಯಲೇ?” ಎಂದು ಕೇಳಿದಳು.

“ಇದನ್ನು ಯಾಕಮ್ಮ? ಕ್ಲಬ್ ಇದೆ, ಆಸ್ಪತ್ರೆ ಇದೆ, ಚರ್ಚ್ ಇದೆ. ಅವೆಲ್ಲ ಚೆನ್ನಾಗಿವೆ.”

“ಅವುಗಳ ನಕ್ಷೆ ಎಲ್ಲಾದರೂ ಇರುತ್ತದೆ ತಾತ. ಇದರದ್ದು ಇರುವುದಿಲ್ಲ.”

ಟೇಪಿನ ಒಂದು ತುದಿ ನನ್ನ ಕೈಗೆ ಬಂತು. ಅಳೆಯುತ್ತಾ ಹೋದಂತೆ ಆ ಒಂದು ಕೋಣೆಯ ಮನೆ ಪದರ ಪದರವಾಗಿ ಬಿಚ್ಚಿಕೊಂಡಿತು. ಕಂಪನಿಯ ಗೋಡೆ ದಪ್ಪ, ಮಣ್ಣು ಸುಣ್ಣದ್ದು. ಅದಕ್ಕೆ ಆತುಕೊಂಡ ಅಡುಗೆಮನೆಯ ಗೋಡೆ ತೆಳು. ಬೋನಸ್ ಬಂದ ವರ್ಷ ತಾವೇ ಕಟ್ಟಿಕೊಂಡದ್ದು. ಮುಂದಿನ ಚಾವಡಿಗೆ ಮೊದಲು ಬಿದಿರು ತಟ್ಟಿ ಇತ್ತು, ಮಗಳ ಮದುವೆಗೆ ತಗಡು ಹಾಕಿಸಿದರು. ಹಿಂದಿನ ಕಿಟಕಿ ಮೊಮ್ಮಗನ ಓದಿಗೆ ಒಡೆದದ್ದು. ಬಾಗಿಲು ಮಾತ್ರ ಮೊದಲಿನದು, ಹಸಿರು ಬಣ್ಣ ಉದುರಿದಲ್ಲಿ ಕೆಂಪು, ಅದರಡಿ ಕಪ್ಪು. ಅವಳು ಒಂದೊಂದು ಸೇರ್ಪಡೆಗೂ ಬೇರೆ ಬಣ್ಣದ ಪೆನ್ಸಿಲ್ ಹಿಡಿದಳು. ಅಜ್ಜಿ ಹೇಳಿದ್ದನ್ನು ಅಂಚಿನಲ್ಲಿ ಬರೆದುಕೊಂಡಳು: ಒಲೆ ಇಲ್ಲಿತ್ತು, ತೊಟ್ಟಿಲು ಈ ತೊಲೆಗೆ, ಹೊರಗಿನ ನಲ್ಲಿಗೆ ಇಷ್ಟು ಮನೆಯವರು. ಕೋಲಾರಮ್ಮನ ಗುಡಿಯಲ್ಲಿ ಅವಳು ಕೇಳಿದ ಪ್ರಶ್ನೆಗೆ ನಾನು ಕೊಟ್ಟದ್ದಕ್ಕಿಂತ ಒಳ್ಳೆಯ ಉತ್ತರ ಆ ಕಾಗದದ ಮೇಲೆ ಬೀಳುತ್ತಿತ್ತು. ಈ ಮನೆಯಷ್ಟು ಬದಲಾದ ಕಟ್ಟಡವನ್ನು ನಾವು ಈ ದಾರಿಯಲ್ಲಿ ನೋಡಿರಲಿಲ್ಲ, ಇಷ್ಟು ಗಟ್ಟಿಯಾಗಿ ಉಳಿದದ್ದನ್ನೂ ನೋಡಿರಲಿಲ್ಲ.

ಮಧ್ಯಾಹ್ನ ಮುಗಿಯುವಷ್ಟರಲ್ಲಿ ಅಕ್ಕಪಕ್ಕದವರು ಸೇರಿದ್ದರು. ನಮ್ಮ ಮನೆಯನ್ನೂ ಅಳೆಯಿರಿ ಎಂದು ಇಬ್ಬರು ಕೇಳಿದರು. ವೃದ್ಧರು ಅವಳ ನೋಟ್‌ಬುಕ್ ತಿರುಗಿಸಿ ಬಹಳ ಹೊತ್ತು ನೋಡಿದರು.

“ಇದರ ಒಂದು ಪ್ರತಿ ನನಗೆ ಬೇಕು ಸಾರ್” ಎಂದರು ನನ್ನ ಕಡೆ ತಿರುಗಿ. “ಮನೆಯ ಹಕ್ಕುಪತ್ರಕ್ಕೆ ಅರ್ಜಿ ಹಾಕುವಾಗಲೆಲ್ಲ ನಕ್ಷೆ ಎಲ್ಲಿ ಎಂದು ಕೇಳುತ್ತಾರೆ. ನಮ್ಮ ಹತ್ತಿರ ಯಾವ ಕಾಗದವೂ ಇಲ್ಲ.”

ವಿದ್ಯಾರ್ಥಿನಿಯ ನಕ್ಷೆಗೆ ಕಚೇರಿಯಲ್ಲಿ ಬೆಲೆ ಇರುವುದಿಲ್ಲ ತಾತ, ಅದಕ್ಕೆ ಪರವಾನಗಿ ಪಡೆದ ಎಂಜಿನಿಯರ್ ಸಹಿ ಬೇಕಾಗುತ್ತದೆ ಎಂದು ಅವಳು ಮುಚ್ಚುಮರೆ ಇಲ್ಲದೆ ಹೇಳಿದಳು. ಆಮೇಲೆ ನನ್ನನ್ನು ನೋಡಿದಳು. ಕೋಲಾರದಲ್ಲಿ ನನಗೆ ಅಂಥ ಒಬ್ಬ ಗೆಳೆಯನಿದ್ದಾನೆ. ಅವನಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಮುಂದಿನ ಭಾನುವಾರ ಬರುತ್ತೇನೆ, ಅವಳ ಅಳತೆಗಳನ್ನು ಇಟ್ಟುಕೊಂಡು ಸಾಲಿನ ಉಳಿದ ಮನೆಗಳನ್ನೂ ಸೇರಿಸಿಯೇ ಮಾಡೋಣ ಎಂದ.